ದೇವರ ಗೂಡಿನಲ್ಲಿದ್ದ ಡಿಸ್ಕು

ಭಾನುವಾರ ಬೆಳಿಗ್ಗೆ ಕೆಳಗಿನ ಮಹಡಿಯ ಅಕ್ಕ ಫೋನು ಮಾಡಿದರು. ನಾನಾಗ ಬಾಲ್ಕನಿಗೂ ಅಡುಗೆಮನೆಗೂ ನಡುವೆ ಸುಮ್ಮನೆ ಓಡಾಡುತ್ತಿದ್ದೆ. ರಜೆಯ ದಿನ ಒಂದು ಕಡೆ ಕೂರುವುದು ನನ್ನಿಂದಾಗದ ಕೆಲಸ. ವಾರವಿಡೀ ಮುಂಬಯಿಯ ಲೋಕಲ್ ರೈಲು ಹತ್ತಿ, ಥಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರದ ಕಚೇರಿಗೆ ಹೋಗಿಬರುವ ಕಾಲು ಭಾನುವಾರವೂ ಎಲ್ಲಿಗೋ ಹೊರಟು ನಿಂತಿರುತ್ತದೆ.

"ಸ್ವಲ್ಪ ಕೆಳಗೆ ಬಂದು ಹೋಗ್ತೀರಾ? ಮಿಷನ್ ಏಳ್ತಾ ಇಲ್ಲ ಮಾರಾಯ್ರೆ. ಇವತ್ತೇ ಆಗ್ಬೇಕಿತ್ತಾ ಇದಕ್ಕೆ!"

ಅಕ್ಕ ನನ್ನ ಒಡಹುಟ್ಟಿದವರಲ್ಲ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆ ಎರಡೇ, ನಮ್ಮದು ಮತ್ತು ಅವರದು. ಉಡುಪಿ ಕಡೆಯವರು. ಗಂಡ ಸೀವುಡ್ಸ್‌ನಲ್ಲಿ ಒಂದು ಸಸ್ಯಾಹಾರಿ ಹೋಟೆಲು ನೋಡಿಕೊಳ್ಳುತ್ತಾರೆ, ಭಾನುವಾರ ಅವರಿಗೆ ಉಳಿದ ದಿನಗಳಿಗಿಂತ ಹೆಚ್ಚು ಕೆಲಸ. ಅಕ್ಕ ಮನೆಯಲ್ಲೇ ಕೂತು ಕನ್ನಡದ ಕಾಗದಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕೊಡುತ್ತಾರೆ. ಮದುವೆ, ಉಪನಯನ, ಗೃಹಪ್ರವೇಶ, ಉತ್ತರಕ್ರಿಯೆ. ಈ ಕಡೆಯ ಕನ್ನಡದವರ ಮಕ್ಕಳು ಮರಾಠಿ ಓದುತ್ತಾರೆ, ಹಿಂದಿಯಲ್ಲಿ ಜಗಳವಾಡುತ್ತಾರೆ. ಆದರೂ ಮದುವೆ ಕಾಗದ ಮಾತ್ರ ಕನ್ನಡದಲ್ಲೇ ಆಗಬೇಕು ಎನ್ನುವ ಮನೆಗಳು ಇನ್ನೂ ಉಳಿದಿವೆ. ಅಂಥವರು ಕೇಳಿಕೊಂಡು ಕೇಳಿಕೊಂಡು ಅಕ್ಕನ ಬಾಗಿಲಿಗೆ ಬರುತ್ತಾರೆ.

ನಾನು ಇಳಿದು ಹೋದಾಗ ಅಲ್ಲಿ ಆಗಲೇ ಒಬ್ಬರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ವಿಜಯಪುರದ ಕಡೆಯವರು, ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಮಾಲು ಏರಿಸುವ ಕೆಲಸ. ಮಗಳ ಮದುವೆಯ ಕಾಗದಕ್ಕೆ ಬಂದಿದ್ದರು. ಹಳಿ ರಿಪೇರಿಗೆಂದು ರೈಲು ಕಡಿಮೆ ಓಡಿಸುವ ಮೆಗಾಬ್ಲಾಕಿನ ದಿನ ಗಾಡಿಯಲ್ಲಿ ನಿಂತು ಬಂದ ಅವರ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು.

ಅವರ ತೊಂದರೆ ಏನೆಂದು ಅವರೇ ಹೇಳಿದರು. "ನಮ್ಮ ತಮ್ಮ ಇವತ್ತ ಸಂಜಿ ಗಾಡಿಗೆ ಕಲ್ಯಾಣದಾಗ ಹತ್ತತಾನ್ರಿ ಸರ. ಅವನ ಕೈಯಾಗ ಮೊದಲ್ನೇ ಕಾರ್ಡ್ ಕೊಡಬೇಕು. ಅದನ್ನ ನಮ್ಮ ಅವ್ವ ಮನಿದೇವ್ರ ಮುಂದ ಇಡೂತನಕ ಒಂದೂ ಹಂಚಂಗಿಲ್ರಿ. ನಾಳೆ ಒಂದ ದಿನಾ ಛಲೋ ಐತಿ. ಆಮ್ಯಾಲ ಅಮಾಸಿ ಬರತೈತಿ. ಅಮಾಸಿ ದಾಟಿದ ಮ್ಯಾಲ ಹಂಚಾಕ ಕುಂತ್ರ ಮಂದಿಗೆ ಕಾರ್ಡ್ ಮುಟ್ಟೂದು ಯಾವಾಗ, ಅವರು ಬರೋದು ಯಾವಾಗ?"

ಉಳಿದ ಕಾರ್ಡುಗಳು ಕಲ್ಯಾಣದ ಪ್ರೆಸ್ಸಿನಲ್ಲಿ ನಿಧಾನಕ್ಕೆ ಅಚ್ಚಾಗಬಹುದು. ಮೊದಲನೆಯದನ್ನು ಮಾತ್ರ ಅಕ್ಕ ತಮ್ಮ ಮನೆಯ ಪ್ರಿಂಟರಿನಲ್ಲೇ ತೆಗೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೊಡುತ್ತಾರೆ. ಬಂದವರಿಗೆಲ್ಲ ಹಾಗೆಯೇ ಮಾಡುವುದು ಅವರ ಪದ್ಧತಿ. ಆ ಒಂದು ಕಾರ್ಡು ಈಗ ಕಂಪ್ಯೂಟರಿನ ಒಳಗಿತ್ತು, ಕಂಪ್ಯೂಟರು ಏಳುತ್ತಿರಲಿಲ್ಲ.

ಹಿಂದಿನ ದಿನ ಕೆಲಸದ ನಡುವೆ ಕರೆಂಟು ಹೋಗಿ ಬಂದಿತ್ತಂತೆ. ಬೆಳಿಗ್ಗೆ ಹಚ್ಚಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಎದ್ದೇಳಲು ಬೇಕಾದ ಒಂದು ಫೈಲು ಹಾಳಾಗಿದೆ, ಮೊದಲು ಹಾಕಿದ್ದ ಮೂಲ ಡಿಸ್ಕಿನಿಂದ ಕಂಪ್ಯೂಟರನ್ನು ಎಬ್ಬಿಸಿ ರಿಪೇರಿ ಆರಿಸಿಕೊಳ್ಳಿ, ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇಷ್ಟು ಸ್ಪಷ್ಟವಾಗಿ ಔಷಧಿ ಹೇಳುವ ರೋಗಿ ಅಪರೂಪ ಎಂದುಕೊಂಡೆ.

"ಅಕ್ಕ, ಆ ಹಳೇ ಡಿಸ್ಕ್ ಇದೆಯಾ?"

"ಇಲ್ದೆ ಎಲ್ಲಿಗೆ ಹೋಗ್ತದೆ?" ಎನ್ನುತ್ತ ಅವರು ಒಳಗೆ ಹೋದರು. ನಾನು ಮೇಜಿನ ಡ್ರಾಯರನ್ನೋ ಕಪಾಟನ್ನೋ ತೆಗೆಯುವ ಸದ್ದಿಗೆ ಕಾಯುತ್ತಿದ್ದೆ. ಕೇಳಿಸಿದ್ದು ಪುಟ್ಟ ಗಂಟೆಯೊಂದು ಕೈ ತಾಗಿ ಅಲುಗಿದ ಸದ್ದು. ದೇವರ ಗೂಡಿನಿಂದ, ಬೆಳ್ಳಿಯ ಗಣಪತಿಯ ಹಿಂದಿನಿಂದ, ರೇಷ್ಮೆಯ ರವಿಕೆ ಕಣದಲ್ಲಿ ಸುತ್ತಿದ ಡಿಸ್ಕನ್ನು ತಂದು ನನ್ನ ಅಂಗೈ ಮೇಲಿಟ್ಟರು. ನನಗೆ ನಗು ಬಂತು. ಕುರ್ಚಿಯಲ್ಲಿದ್ದ ಮದುಮಗಳ ಅಪ್ಪ ಮಾತ್ರ ನಗಲಿಲ್ಲ, ಕಾಲಿನ ಚಪ್ಪಲಿ ತೆಗೆದು ಬಾಗಿಲಾಚೆ ಇಟ್ಟು ಬಂದರು.

ಈ ಕಂಪ್ಯೂಟರಿಗೆ ಇದೇ ಡಿಸ್ಕು ಹಾಕಿ ಮೊದಲ ಸಲ ಜೀವ ತುಂಬಿದವನು ನಾನು. ಅದು ನನಗೆ ಚೆನ್ನಾಗಿ ನೆನಪಿತ್ತು. ಹೊರಗೆ ಜೋರು ಮಳೆ. ಅಕ್ಕ ಪತ್ರೊಡೆ ಮಾಡಿದ್ದರು. ನಾನು ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈಯಿಂದ ಕೀಲಿ ಒತ್ತುತ್ತಿದ್ದೆ. ಯಾವ ಕೀಲಿ ಎಂಬುದೂ ನೆನಪಿತ್ತು, ಮೇಲಿನ ಸಾಲಿನ ಬಲತುದಿಯದು.

ಡಿಸ್ಕು ಒಳಗೆ ಹಾಕಿ ಆ ಕೀಲಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಹಚ್ಚಿ ಮತ್ತೆ ಒತ್ತಿದೆ. ಪರದೆಯ ಅಡಿಯಲ್ಲಿ ಒಂದು ಸಾಲು ಮಿಂಚಿ ಮಾಯವಾಗುತ್ತಿತ್ತು. ಮೂರನೆಯ ಸಲಕ್ಕೆ ಅದನ್ನು ಓದಿದೆ. ಒತ್ತಬೇಕಾದದ್ದು ಅಕ್ಷರ ಅಳಿಸುವ ಕೀಲಿ. ನನ್ನ ಬೆರಳಿಗೆ ನೆನಪಿದ್ದದ್ದು ಬೇರೆ ಯಾವುದೋ ಮನೆಯ ಬೇರೆ ಯಾವುದೋ ಕಂಪ್ಯೂಟರು.

ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ್ದರಿಂದ ನನ್ನಲ್ಲಿ ಉಳಿದಿರುವುದು ಅನುಮಾನಪಡುವ ಅಭ್ಯಾಸವೊಂದೇ. ಮೊದಮೊದಲು ಅದು ಬೇರೆಯವರ ಮಾತಿನ ಮೇಲಿತ್ತು. ಈಚೆಗೆ ನನ್ನ ನೆನಪಿನ ಕಡೆ ತಿರುಗಿದೆ. ಹೀಗೆ ಒಂದೊಂದು ಸಣ್ಣ ಪುರಾವೆ ಸಿಕ್ಕಾಗಲೆಲ್ಲ ಅದಕ್ಕೆ ಬಲ ಬರುತ್ತದೆ.

ಸರಿಯಾದ ಕೀಲಿ ಒತ್ತಿದ ಮೇಲೆ ನೀಲಿ ಪರದೆ ಬಂತು. ಕಂಪ್ಯೂಟರು ಎಚ್ಚರವಾದ ಕೂಡಲೇ ಮೊದಲು ಎಲ್ಲಿ ಹುಡುಕಬೇಕು, ಆಮೇಲೆ ಎಲ್ಲಿ ಎಂಬ ಕ್ರಮ ಅಲ್ಲಿರುತ್ತದೆ. ಇದರಲ್ಲಿ ಮೊದಲು ಒಳಗಿನ ಹಾರ್ಡ್ ಡಿಸ್ಕು, ಕೊನೆಗೆ ಸಿಡಿ ಎಂದಿತ್ತು. ಕಾಯಿಲೆ ಬಿದ್ದದ್ದನ್ನೇ ಮೊದಲು ಕೇಳುತ್ತಿತ್ತು, ಅಷ್ಟೆ. ಸಿಡಿಯನ್ನು ಮೇಲಕ್ಕೆ ತಂದು, ಉಳಿಸಿ, "ಈಗ ನೋಡಿ" ಎಂದೆ.

ನೋಡಿದೆವು. ಅದೇ ಕಪ್ಪು ಪರದೆ, ಅದೇ ಬಿಳಿ ಸಾಲು.

ಮತ್ತೆ ನೀಲಿ ಪರದೆಗೆ ಹೋದರೆ ಸಿಡಿ ಹಿಂದಿನಂತೆಯೇ ಕೊನೆಯಲ್ಲಿತ್ತು. ನಾನು ಮಾಡಿದ ಬದಲಾವಣೆ ಎಲ್ಲಿ ಹೋಯಿತು? ಮಾಡಿದ್ದೆನೇ ಇಲ್ಲವೇ? ಇನ್ನೊಮ್ಮೆ ಮಾಡಿದೆ. ಈ ಸಲ ಕಂಪ್ಯೂಟರಿನ ಮೇಲಲ್ಲ, ಕೋಣೆಯ ಮೇಲೆ ಕಣ್ಣಿಟ್ಟೆ. ನಾನು "ಉಳಿಸು" ಎಂದು ಒತ್ತಿದ ತಕ್ಷಣ ಅಕ್ಕ ಕೈ ಚಾಚಿ ಗೋಡೆಯ ಸ್ವಿಚ್ಚು ಆರಿಸಿ, ತುಸು ತಡೆದು, ಮತ್ತೆ ಹಾಕಿದರು.

"ಅದ್ಯಾಕೆ ಆರಿಸಿದ್ರಿ?"

"ಆಫ್ ಮಾಡಿ ಆನ್ ಮಾಡಿದ್ರೆ ಯಾವಾಗ್ಲೂ ಸರಿ ಆಗ್ತದೆ. ಅದೂ ಅಲ್ಲದೆ ಗೋಡೆ ಸ್ವಿಚ್ ಹಾಕಿ ಬಿಡೋದು ನನಗೆ ಆಗೋದೇ ಇಲ್ಲ. ಕರೆಂಟ್ ಹರೀತಾ ಇರ್ತದಲ್ಲ ಸುಮ್ಮನೆ!"

ಪರದೆಯ ಮೂಲೆಯಲ್ಲಿದ್ದ ತಾರೀಖನ್ನು ಆಗ ಗಮನಿಸಿದೆ. ಕಂಪ್ಯೂಟರು ತನ್ನ ಹುಟ್ಟಿದ ವರ್ಷದ ಜನವರಿಯಲ್ಲಿ ಕೂತಿತ್ತು. ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಗೋಡೆಯ ಕರೆಂಟು ಹೋದಾಗಲೂ ತಾರೀಖು, ಈ ಕ್ರಮ, ಇಂಥ ನಾಲ್ಕು ಮಾತುಗಳನ್ನು ನೆನಪಿಟ್ಟುಕೊಳ್ಳಲು ಅದು ಬೇಕು. ಅದು ಎಂದೋ ಸತ್ತಿತ್ತು. ಅಕ್ಕ ಪ್ರತಿ ಸಲ ಗೋಡೆಯ ಸ್ವಿಚ್ಚು ಆರಿಸಿದಾಗಲೂ ಇದು ಎಲ್ಲ ಮರೆತು ಹುಟ್ಟಿದ ದಿನಕ್ಕೆ ಹೋಗುತ್ತಿತ್ತು. ವಿವರಿಸಿ ಹೇಳಿದೆ.

"ಓ, ನಮ್ಮ ಮನೆಯವರ ಹಾಗೆ," ಎಂದರು ಅಕ್ಕ. "ಬಾಗಿಲು ದಾಟಿದ್ರೆ ಮುಗೀತು, ಹೇಳಿದ್ದು ಒಂದೂ ನೆನಪಿಲ್ಲ."

"ಇನ್ನ ಗ್ವಾಡಿ ಸ್ವಿಚ್ಚಿಗೆ ಯಾರೂ ಕೈ ಹಚ್ಚಬ್ಯಾಡ್ರಿ," ಎಂದು ಮದುಮಗಳ ಅಪ್ಪ ಎದ್ದು ಹೋಗಿ ಸ್ವಿಚ್ಚಿಗೆ ಅಡ್ಡ ನಿಂತರು.

ಕ್ರಮ ಬದಲಿಸಿದೆ, ಕ್ರಮ ಉಳಿಯಿತು. ಸಿಡಿಯ ತಟ್ಟೆ ಒಳಗೆ ಗುಂಯ್ಗುಟ್ಟಿ ತಿರುಗಿತು. ಹಸಿರು ದೀಪ ಮಿನುಗಿತು, ಯೋಚನೆ ಮಾಡಿತು, ಆರಿತು. ಮತ್ತೆ ಅದೇ ಕಪ್ಪು ಪರದೆ, ಅದೇ ಸಾಲು.

ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಸಿಟ್ಟು ಬರುತ್ತಿತ್ತು. ಬೆಳಿಗ್ಗೆಯಿಂದ ಓಡಾಡಿಕೊಂಡಿದ್ದ ನನ್ನ ಕಾಲು ಮಾತ್ರ, ಯಾಕೋ, ನಿಂತಿತು. ಪರದೆಯ ಮೇಲಿನ ಮಾತು ಒಂದೇ, ಆದರೆ ಕಾರಣ ಬೇರೆ. ಮೊದಲು ಅದು ಡಿಸ್ಕಿನ ಕಡೆ ನೋಡಿಯೇ ಇರಲಿಲ್ಲ. ಈಗ ನೋಡಿದೆ, ನೋಡಿ ಬೇಡವೆಂದು ಬಿಟ್ಟಿದೆ. ಬಾಗಿಲು ತಟ್ಟದೆ ಹೋದವನಿಗೂ, ತಟ್ಟಿ ಒಳಗಿಂದ ಉತ್ತರ ಸಿಗದೆ ಹೋದವನಿಗೂ ವ್ಯತ್ಯಾಸವಿದೆ. ಎರಡನೆಯವನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕಿವುಡು ಯಾರಿಗೆ, ತಟ್ಟಿದವನಿಗೋ ಒಳಗಿದ್ದವನಿಗೋ? ಸಿಡಿ ಓದುವ ಯಂತ್ರ ಕೆಟ್ಟಿದೆಯೇ, ಡಿಸ್ಕು ಕೆಟ್ಟಿದೆಯೇ?

ಸ್ಟೇಷನ್ ಹತ್ತಿರದ ರಿಪೇರಿಯವನಿಗೆ ಫೋನು ಮಾಡಿದೆ. ಭಾನುವಾರ ಅಂಗಡಿ ಮುಚ್ಚಿತ್ತು. ನಿದ್ದೆಗಣ್ಣಲ್ಲೇ ಎತ್ತಿ, "ಸಿಡೀ ಕಾ ಜಮಾನಾ ಗಯಾ ಸಾಬ್, ಪೆನ್ ಡ್ರೈವ್ ಸೇ ಕರೋ" ಎಂದು ಇಟ್ಟ. ಈ ಕಂಪ್ಯೂಟರಿನ ಕ್ರಮದ ಪಟ್ಟಿಯಲ್ಲಿ ಪೆನ್ ಡ್ರೈವಿನ ಹೆಸರೇ ಇರಲಿಲ್ಲ. ಅದು ಹುಟ್ಟಿದ ಕಾಲಕ್ಕೆ ಅಂಥ ನೆಂಟರಿರಲಿಲ್ಲ.

"ಅಕ್ಕ, ನನ್ನ ಲ್ಯಾಪ್‌ಟಾಪ್ ತರ್ತೀನಿ. ಹೊಸದಾಗಿ ಟೈಪ್ ಮಾಡಿಬಿಡಿ."

ಅಕ್ಕ ಬೇಡವೆಂದು ಕೈ ಅಲ್ಲಾಡಿಸಿದರು. ಅವರ ಅಕ್ಷರಗಳು ಹಳೆಯ ಕಾಲದವು, ಆ ಹಳೆಯ ಯಂತ್ರದಲ್ಲಿ ಮಾತ್ರ ಸರಿಯಾಗಿ ಕೂರುತ್ತವೆ. "ಹೋದ ವರ್ಷ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದೆ. ಒತ್ತಕ್ಷರ ಎಲ್ಲ ಬೇರೆ ಬೇರೆ ಬಿತ್ತು. ಮದುಮಗಳ ಹೆಸರೇ ಎರಡು ತುಂಡು! ಕಾಗದದಲ್ಲಿ ಹೆಸರು ಒಡೆದ್ರೆ ಒಳ್ಳೇದಲ್ಲ ಅಂತ ಹುಡುಗನ ಮನೆಯವರು ರಂಪ ಮಾಡಿದ್ರು."

"ಹಂಗ ಆಗಬಾರದ್ರಿ," ಎಂದು ಗೋಡೆಯ ಬಳಿಯಿಂದ ದನಿ ಬಂತು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮಗಳು. ದೊಡ್ಡ ದನಿಯ ಹುಡುಗಿ, ನಮಗೂ ಕೇಳಿಸುತ್ತಿತ್ತು. "ಬಾಬಾ, ಅಭೀ ತಕ್ ನಹೀ ಹುವಾ? ದಾದೀ ಕೋ ವಾಟ್ಸಾಪ್ ಪೇ ಭೇಜ್ ದೋ ನಾ!"

"ಅಜ್ಜಿಗಲ್ಲವ್ವಾ, ದೇವ್ರಿಗೆ ಕೊಡೂದು. ದೇವ್ರಿಗೆ ವಾಟ್ಸಾಪ್ ಐತೇನು?" ಎಂದು ಹೇಳಿ ಅವರು ಫೋನು ಜೇಬಿಗಿಟ್ಟರು. ಆಮೇಲೆ ನಮ್ಮಿಬ್ಬರ ಕಡೆಗೆ ತಿರುಗಿ ಮೆತ್ತಗೆ ಹೇಳಿದರು. "ಕನ್ನಡ ಓದಾಕ ಬರಂಗಿಲ್ರಿ ಆಕಿಗೆ. ಆದ್ರ ಕಾರ್ಡಿನಾಗ ತನ್ನ ಹೆಸರು ಎಲ್ಲಿ ಐತಿ ಅಂತ ಬೆರಳಿಟ್ಟು ತೋರಸ್ತಾಳ. ಮೊನ್ನೆ ಮಿಷನ್ನಿನಾಗ ಅಕ್ಕಾರು ತೋರಿಸಿಕೊಟ್ಟಾರ."

ಟೀವಿಯ ಕೆಳಗೆ ಒಂದು ಡಿವಿಡಿ ಪ್ಲೇಯರು ಧೂಳು ಹಿಡಿದು ಕೂತಿದ್ದು ನನ್ನ ಕಣ್ಣಿಗೆ ಬಿದ್ದದ್ದು ಆಗ. ಅಕ್ಕನ ತಂಗಿಯ ಮದುವೆಯ ವಿಡಿಯೋ ನೋಡಲು ಎಂದೋ ಕೊಂಡದ್ದು. ಅದು ಕಂಪ್ಯೂಟರಲ್ಲ, ಆದರೆ ಡಿಸ್ಕು ಓದಬಲ್ಲ ಇನ್ನೊಂದು ಕಣ್ಣು. ಮೊದಲು ಮದುವೆಯ ಡಿಸ್ಕು ಹಾಕಿದೆ. ವಾಲಗ ಊದಿತು. ಕಣ್ಣು ಸರಿಯಿದೆ. ಆಮೇಲೆ ಅಕ್ಕನ ಬಳಿಯಿದ್ದ ಹಳೆಯ ಕನ್ನಡ ಅಕ್ಷರಗಳ ಡಿಸ್ಕು ಹಾಕಿದೆ. ಅದರಲ್ಲಿ ಚಿತ್ರವೂ ಇಲ್ಲ, ಹಾಡೂ ಇಲ್ಲ. ಟೀವಿಯ ಮೇಲೆ "ಇದನ್ನು ನುಡಿಸಲಾಗದು" ಎಂಬರ್ಥದ ಮಾತು ಬಂತು. ಅದೂ ಸರಿ, ನುಡಿಸಲು ಬರದಿದ್ದರೂ ಡಿಸ್ಕು ಇದೆ ಎಂಬುದಂತೂ ಗೊತ್ತಾಗಿದೆ. ಕೊನೆಗೆ ದೇವರ ಗೂಡಿನ ಡಿಸ್ಕು.

ಪ್ಲೇಯರು ಬಹಳ ಹೊತ್ತು ತಿರುಗಿಸಿ ತಿರುಗಿಸಿ, "ಡಿಸ್ಕ್ ಇಲ್ಲ" ಎಂದಿತು.

"ಅಲ್ರೀ, ಈಗ ಇಟ್ಟೀವಲ್ಲ, ಇಲ್ಲ ಅಂತತಲ್ರಿ!" ಎಂದರು ಮದುಮಗಳ ಅಪ್ಪ. "ನಮ್ಮ ಸೂಪರ್‌ವೈಸರ್ ಇದ್ದಂಗ ಐತಿ. ಎದುರಿಗೆ ನಿಂತ್ರೂ ಗೈರಹಾಜರಿ ಹಾಕ್ತಾನ."

ನನಗೆ ಆದ ಸಂತೋಷವನ್ನು ಅವರಿಬ್ಬರೆದುರು ತೋರಿಸಿಕೊಳ್ಳುವುದು ಸರಿಯಾಗಿರಲಿಲ್ಲ. ಕಂಪ್ಯೂಟರು ನಿರ್ದೋಷಿ. ತಪ್ಪು ಡಿಸ್ಕಿನದು. ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಚ್ಚಿದ್ದ ಬದಿ ಹೊಸದರಂತಿತ್ತು. ಹೊಳೆಯುವ ಬದಿಯನ್ನು ಓರೆಯಾಗಿ ತಿರುಗಿಸಿದಾಗ ನಡುವಿನ ತೂತಿನ ಪಕ್ಕದಲ್ಲಿ ಹೊಳಪು ಮಸುಕಾಗಿತ್ತು. ತೆಳು ಹಳದಿಯ ಒಂದು ಮೋಡ. ಬೆಳಿಗ್ಗೆ ಕೈಗೆ ಬಂದಾಗಲೂ ಅದನ್ನು ನೋಡಿದ್ದೆ. ಹಳೆಯ ಪ್ಲಾಸ್ಟಿಕ್ಕಿಗೆ ಬರುವ ಬಣ್ಣ ಎಂದುಕೊಂಡು ಬಿಟ್ಟಿದ್ದೆ. ಉಗುರಿನಿಂದ ಮುಟ್ಟಿದೆ. ಪುಡಿ ಬಂತು. ಮೂಸಿದೆ.

"ಅಕ್ಕ, ಇದು ಗಂಧ."

"ಹೌದಲ್ಲ," ಎಂದರು ಅಕ್ಕ, ಸಹಜವಾಗಿ. "ನವಮಿ ದಿನ ಹಚ್ತೇನೆ. ಪ್ರತಿ ವರ್ಷ. ಕಂಪ್ಯೂಟರಿಗೆ, ಪ್ರಿಂಟರಿಗೆ, ಮಿಕ್ಸಿಗೆ, ಹೊಲಿಗೆ ಮಿಷನ್ನಿಗೆ. ಎಲ್ಲದಕ್ಕಿಂತ ಮೊದಲು ಇದಕ್ಕೆ."

"ಹೊಳೆಯೋ ಕಡೆ ಯಾಕೆ ಹಚ್ಚಿದ್ರಿ? ಅಚ್ಚಿರೋ ಕಡೆ ಹಚ್ಚಿದ್ರೆ ಏನೂ ಆಗ್ತಿರಲಿಲ್ಲ."

"ಹೊಳೆಯೋದಲ್ವಾ ಮುಖ? ಕನ್ನಡಿ ಹಾಗೆ ಕಾಣ್ತದಲ್ಲ. ಬೆನ್ನಿಗೆ ಯಾರಾದ್ರೂ ಗಂಧ ಹಚ್ತಾರಾ? ಮುಖಕ್ಕೆ ನಡುವಿನಲ್ಲಿ, ಹಣೆ ಇರೋ ಜಾಗಕ್ಕೆ."

ಆ ತರ್ಕದಲ್ಲಿ ಎಲ್ಲಿಯೂ ಬಿರುಕು ಕಾಣಲಿಲ್ಲ. ಡಿಸ್ಕನ್ನು ಓದುವ ಬೆಳಕು ಹೊರಗಿನ ಅಂಚಿನಿಂದಲ್ಲ, ಒಳಗಿನಿಂದ ಶುರುಮಾಡುತ್ತದೆ. ನಡುವಿನ ತೂತಿನ ಸುತ್ತ ಮೊದಲ ಮಾತು ಇರುತ್ತದೆ. ನಾನು ಯಾರು, ನನ್ನಲ್ಲಿ ಏನಿದೆ, ನನ್ನಿಂದ ಎದ್ದೇಳುವುದು ಹೇಗೆ ಎಂದು ಡಿಸ್ಕು ಹೇಳಿಕೊಳ್ಳುವುದು ಅಲ್ಲೇ. ಅಕ್ಕ ವರ್ಷ ವರ್ಷ ಅದರ ಹಣೆ ಹುಡುಕಿ ಸರಿಯಾಗಿ ಅದೇ ಜಾಗಕ್ಕೆ ಗಂಧ ಹಚ್ಚಿದ್ದರು. ಉಳಿದ ಅಷ್ಟೂ ಅಗಲ ಫಳಫಳ ಹೊಳೆಯುತ್ತಿತ್ತು. ಆದರೆ ಬೆಳಕು ಹೊಸ್ತಿಲಲ್ಲೇ ಎಡವುತ್ತಿತ್ತು.

"ಡಿಸ್ಕನ್ನ ದೇವರ ಹತ್ರ ಇಡಬೇಕು ಅಂತ ಯಾರು ಹೇಳಿದ್ದು ನಿಮಗೆ?"

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವೇ."

"ನಾನಾ?"

"ಹೌದು. ಈ ಮಿಷನ್ ಹಾಕಿಕೊಟ್ಟ ದಿನ. ನವಮಿ ದಿನವೇ ನೀವು ಬಂದದ್ದು. ನನ್ನ ಕೈಯಲ್ಲಿ ಗಂಧ ಇತ್ತು, ಬಾಗಿಲಿಗೆ ತೋರಣ ಕಟ್ಟಿತ್ತು. ನೀವು ಈ ಡಿಸ್ಕ್ ಕೈಗೆ ಕೊಟ್ಟು, 'ಜೋಪಾನ ಅಕ್ಕ, ಮಿಷನ್ ಸತ್ತರೆ ಇದೇ ಜೀವ ಕೊಡೋದು' ಅಂದ್ರಿ. ಜೀವ ಕೊಡೋದನ್ನ ಎಲ್ಲಿ ಇಡೋದು ಮತ್ತೆ? ಪ್ಲಾಸ್ಟಿಕ್ ಚೀಲದಲ್ಲಾ?"

"ಅವತ್ತು ಮಳೆ ಬರ್ತಿತ್ತು. ನೀವು ಪತ್ರೊಡೆ ಮಾಡಿದ್ರಿ."

"ಪತ್ರೊಡೆ! ನವಮಿಗೆ ಪಾಯಸ ಮಾಡಿದ್ದೆ. ನೀವು ಎರಡು ಸಲ ಹಾಕಿಸಿಕೊಂಡು ತಿಂದ್ರಿ."

ಪಾಯಸದ ನೆನಪು ನನಗೆ ಕಿಂಚಿತ್ತೂ ಇಲ್ಲ. ಆ ವಾಕ್ಯದ ನೆನಪೂ ಇಲ್ಲ. ಮೂಢನಂಬಿಕೆಯೆಂದರೆ ಮೂಗು ಮುರಿಯುವ ನಾನು, ಪ್ಲಾಸ್ಟಿಕ್ ತಟ್ಟೆಯೊಂದಕ್ಕೆ "ಜೀವ ಕೊಡೋದು" ಎಂದು ಹೇಳಿರುತ್ತೇನೆಯೇ? ಹೇಳಿರಬಹುದು. ತಮಾಷೆಗೆ ಹೀಗೆ ಮಾತಾಡುವ ಚಟ ನನಗಿದೆ. ಇನ್ನು ಮಳೆ ಮತ್ತು ಪತ್ರೊಡೆ: ಕೆಸುವಿನ ಎಲೆ ಡೊಂಬಿವಲಿಯ ಸಂತೆಗೆ ರಾಶಿ ರಾಶಿ ಬರುವುದು ಮಳೆಗಾಲದಲ್ಲಿ. ಒಂದರ ನೆನಪಿಗೆ ಇನ್ನೊಂದು ತಾನಾಗಿ ಜೊತೆಗೂಡಿರಬಹುದು. ನವರಾತ್ರಿಯ ಹೊತ್ತಿಗೂ ಈ ಕಡೆ ಒಮ್ಮೊಮ್ಮೆ ಮಳೆ ಬರುತ್ತದಾದ್ದರಿಂದ ನಾನು ಅರ್ಧ, ಅಕ್ಕ ಅರ್ಧ ಸರಿಯಿರಲೂ ಬಹುದು. ಸಾಕ್ಷಿ ಹೇಳಬಲ್ಲ ಮೂರನೆಯವರು ಎಂದರೆ ಆ ಕಂಪ್ಯೂಟರು. ಅದು ಹುಟ್ಟಿದ ವರ್ಷದ ಜನವರಿಯಲ್ಲಿ ಕೂತಿತ್ತು.

"ಅದೆಲ್ಲಾ ಆಮ್ಯಾಲ ನೋಡ್ಕೊಳ್ರಿ ಸರ," ಎಂದರು ಗೋಡೆಗೆ ಒರಗಿದ್ದವರು. "ಒರಸಿದ್ರ ಹೋಗತೈತೇನ್ರಿ ಅದು?"

ಒರೆಸಬಹುದಿತ್ತು. ಆದರೆ ಅಕ್ಕ ಡಿಸ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗೈಯಲ್ಲಿ ಹಿಡಿದರೇ ಹೊರತು ಒರೆಸಲಿಲ್ಲ. ಹಚ್ಚಿದ ಗಂಧವನ್ನು ತಾವಾಗಿ ಒರೆಸಿದ ಅಭ್ಯಾಸ ಅವರಿಗಿರಲಿಲ್ಲ. ಅದು ಒಣಗಿ ತಾನಾಗಿ ಉದುರಬೇಕು. ಅವರ ಮುಖದಲ್ಲಿ ಭಯವೇನೂ ಇರಲಿಲ್ಲ, ಒಂದು ಮುಜುಗರ ಇತ್ತು, ಮಲಗಿದ ಮಗುವಿನ ಮುಖ ಒರೆಸಲು ಹೊರಟವರಿಗೆ ಇರುವಂಥದ್ದು.

"ಒರಸ್ರಿ ಅಕ್ಕಾರ," ಎಂದು ಮದುಮಗಳ ಅಪ್ಪ ಹೇಳಿದರು. "ನಾವು ವರ್ಷಾ ದೇವ್ರ ಮೂರ್ತಿ ತೊಳಿಯಂಗಿಲ್ಲೇನ್ರಿ? ತೊಳದು ಮತ್ತ ಹಚ್ಚತೀವಿ. ಕೋಪ ಮಾಡ್ಕೊಳ್ಳಂಗಿಲ್ಲ ಅವ."

ಅಕ್ಕ ಡಿಸ್ಕನ್ನು ಕಣ್ಣಿಗೊತ್ತಿಕೊಂಡು, ಹಳೆಯ ಹತ್ತಿ ಸೀರೆಯ ತುಂಡನ್ನು ಒದ್ದೆ ಮಾಡಿ ತಂದರು. ಎಡದಿಂದ ಬಲಕ್ಕೆ, ದುಂಡಗೆ ಒರೆಸಲು ಶುರುಮಾಡಿದರು.

"ಹಾಗಲ್ಲ ಅಕ್ಕ, ಸುತ್ತಬೇಡಿ. ಗೆರೆ ಬೀಳುತ್ತೆ. ನಡುವಿನಿಂದ ಹೊರಗೆ ನೇರ ಎಳೀರಿ."

"ಪ್ರದಕ್ಷಿಣೆ ಬೇಡ್ವಾ?"

"ಬೇಡ. ಗರ್ಭಗುಡಿಯಿಂದ ನೇರ ರಸ್ತೆಗೆ."

"ನೀವು ಇಂಥದ್ದು ಹೇಳ್ತೀರಿ, ಆಮೇಲೆ ಹೇಳಿಲ್ಲ ಅಂತೀರಿ," ಎಂದು ಅಕ್ಕ ನಕ್ಕರು. ಆ ಕ್ಷಣ ಪಾಯಸದ ಕಡೆಗೆ ನನ್ನ ನಂಬಿಕೆ ಸ್ವಲ್ಪ ವಾಲಿತು.

ಗಂಧ ಪದರ ಪದರವಾಗಿ ಬಂತು. ಕೆಳಗಿನ ಪದರದಲ್ಲಿ ಕುಂಕುಮದ ಕೆಂಪೂ ಇತ್ತು. ಕೊನೆಗೆ ತೂತಿನ ಸುತ್ತಲೂ ಬಣ್ಣಬಣ್ಣದ ಹೊಳಪು ತೆರೆದುಕೊಂಡಿತು. ಒಣಬಟ್ಟೆಯಿಂದ ಇನ್ನೊಮ್ಮೆ ಎಳೆದು, ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದೆವು. ಮೂವರೂ ಪರದೆಯ ಮುಂದೆ ಬಗ್ಗಿದೆವು. ಹಸಿರು ದೀಪ ಮಿನುಗಿತು, ತಡೆದು ತಡೆದು ಮಿನುಗಿತು, ಈ ಸಲ ಆರಲಿಲ್ಲ. ಕಪ್ಪು ಪರದೆಯ ಮೇಲೆ ಹೊಸ ಸಾಲೊಂದು ಬಂತು. ಸಿಡಿಯಿಂದ ಏಳಲು ಯಾವುದಾದರೂ ಒಂದು ಕೀಲಿ ಒತ್ತಿ ಎಂದು. ಪಕ್ಕದಲ್ಲಿ ಚುಕ್ಕಿಗಳು ಒಂದೊಂದಾಗಿ ಬೀಳುತ್ತಿದ್ದವು. ಅವು ಮುಗಿಯುವುದರೊಳಗೆ ಒತ್ತದಿದ್ದರೆ ಅವಕಾಶ ಹೋಗುತ್ತದೆ.

"ಒತ್ತಿ! ಒತ್ತಿ!" ಎಂದು ಯಾರೋ ಕೂಗಿದರು. ಯಾರೋ ಒತ್ತಿದರು. ನೀಲಿ ಪರದೆ ಅರಳಿತು.

ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಾಳಾಗಿದ್ದ ಫೈಲಿನ ಜಾಗಕ್ಕೆ ಡಿಸ್ಕಿನಿಂದ ಒಳ್ಳೆಯದೊಂದು ಹೋಗಿ ಕೂತಿತು. ಡಿಸ್ಕು ತೆಗೆದು ಮತ್ತೆ ಹಚ್ಚಿದಾಗ ಕಂಪ್ಯೂಟರು ತನ್ನಷ್ಟಕ್ಕೆ ಎದ್ದು, ಅಕ್ಕನ ಊರಿನ ಕಡಲಿನ ಚಿತ್ರ ತೋರಿಸಿತು. ಮದುವೆಯ ಕಾಗದ ಇಟ್ಟಲ್ಲೇ ಇತ್ತು. ಒತ್ತಕ್ಷರಗಳು ತಮ್ಮ ತಮ್ಮ ಅಕ್ಷರದ ಅಡಿಗೆ ಭದ್ರವಾಗಿ ಕೂತಿದ್ದವು. ಮದುಮಗಳ ಅಪ್ಪ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಮಗಳ ಹೆಸರಿನ ಮೇಲೆ ಬೆರಳಿಟ್ಟರು. ಮಗಳು ಮಾಡುತ್ತಾಳೆಂದು ಹೇಳಿದ್ದನ್ನು ತಾವೇ ಮಾಡುತ್ತಿರುವುದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ಪ್ರಿಂಟರು ಕಾರ್ಡನ್ನು ನಿಧಾನಕ್ಕೆ ಹೊರಗೆ ತಳ್ಳಿತು. ಅಕ್ಕ ಅರಿಶಿನದ ಬಟ್ಟಲು ತಂದು, ಹೆಬ್ಬೆರಳು ಅದ್ದಿ, ಕಾರ್ಡಿನ ಮೂಲೆಯ ಹತ್ತಿರ ಒಯ್ದು ತಡೆದರು. ಕತ್ತೆತ್ತಿ ನನ್ನನ್ನು ನೋಡಿದರು.

"ಇದಕ್ಕೆ ಹಚ್ಚಬಹುದಲ್ವಾ?"

"ಹಚ್ಚಿ ಅಕ್ಕ. ಇದನ್ನ ಓದೋರು ಅಂಚಿನಿಂದಲೂ ಓದ್ತಾರೆ, ನಡುವಿನಿಂದಲೂ ಓದ್ತಾರೆ."

ಮದುಮಗಳ ಅಪ್ಪ ಗಾಡಿಗೆ ಹೊತ್ತಾಯಿತೆಂದು ಚಹಾ ಕೂಡ ಕುಡಿಯಲಿಲ್ಲ. ಕಾರ್ಡನ್ನು ಹೊಸ ಟವೆಲಿನಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದು, ಮೆಟ್ಟಿಲನ್ನು ಅಡ್ಡಡ್ಡ ಇಳಿದು ಹೋದರು. ಬ್ಯಾಟರಿ ಬದಲಿಸಲು ಸೋಮವಾರ ರಿಪೇರಿಯವನನ್ನು ಕರೆಯಬೇಕೆಂದು ನಾನು ಹೇಳುತ್ತಿದ್ದಾಗ ಅಕ್ಕ ಡಿಸ್ಕಿಗೊಂದು ಪ್ಲಾಸ್ಟಿಕ್ ಲಕೋಟೆ ಹುಡುಕಿ, ಲಕೋಟೆಯ ಮೇಲೆ ಗಂಧದ ಬೊಟ್ಟಿಟ್ಟು, ಗಣಪತಿಯ ಹಿಂದಕ್ಕೆ ಸರಿಸಿದರು. ನನ್ನನ್ನು ಕೇಳಲಿಲ್ಲ. ನಾನು ಬ್ಯಾಟರಿಯ ಮಾತನ್ನೇ ಮುಂದುವರಿಸಿದೆ. ಡಿಸ್ಕಿನ ಬಗ್ಗೆ ಏನಾದರೂ ಹೇಳಿದರೆ ಅದೂ ನೆನಪಿನಲ್ಲಿ ಉಳಿಯುತ್ತದೆ, ಅವರ ನೆನಪಿನಲ್ಲಿ.

ಎರಡು ಮೂರು ದಿನ ಬಿಟ್ಟು ನಾನು ಬೇಲಾಪುರದಿಂದ ಮನೆಗೆ ಬಂದು ಮೆಟ್ಟಿಲು ಹತ್ತುತ್ತಿದ್ದಾಗ ಅಕ್ಕ ಬಾಗಿಲಲ್ಲೇ ನಿಲ್ಲಿಸಿದರು. ಅಂಬರನಾಥದಿಂದ ಫೋನು. ಸ್ಪೀಕರ್ ಹಾಕಿದರು.

"ಸರ, ಕಾರ್ಡ್ ಮುಟ್ಟೇತ್ರಿ! ಅವ್ವ ತನ್ನ ಕೈಯಾರೆ ದೇವ್ರ ಮುಂದ ಇಟ್ಟಾಳ. ಇನ್ನ ಹಂಚಾಕ ಸುರು ಮಾಡತೀವಿ. ನೀವು ಬರಬೇಕ ಮದವಿಗೆ. ಊರಾಗ ಎಲ್ಲಾರಿಗೂ ಹೇಳೀನ್ರಿ. ಮಿಷನ್ ಎದ್ದಿರಲಿಲ್ಲ, ಸರ ಗಂಧದ ಗುಟ್ಟು ಹಿಡದ್ರು, ಕಡೀಕ ಬಟನ್ ಒತ್ತಿದಾಂವ ನಾನ ಅಂತ!"

ಅಕ್ಕ ಫೋನಿನ ಮೇಲೆ ಸೆರಗು ಮುಚ್ಚಿ ಪಿಸುಗುಟ್ಟಿದರು. "ಒತ್ತಿದ್ದು ನೀವಲ್ವಾ?"

ನನಗೆ ನೆನಪಿರುವುದು ಅಕ್ಕನ ಬಳೆಯ ಸದ್ದು. ಕೀಲಿಮಣೆಯ ಉದ್ದನೆಯ ಕೀಲಿಯ ಮೇಲೆ ಹಸಿರು ಬಳೆಗಳು ಬಡಿದದ್ದು ಈಗಲೂ ಕಿವಿಯಲ್ಲಿದೆ. ಮೂವರು ನಿಂತಿದ್ದೆವು, ಒತ್ತಿದ್ದು ಒಂದು ಕೈ, ಮೂರು ದಿನ ಕಳೆಯುವುದರೊಳಗೆ ಅದು ಮೂರು ಕೈಯಾಗಿತ್ತು. ಇದನ್ನು ಪರೀಕ್ಷಿಸಲು ಯಾವ ಡಿವಿಡಿ ಪ್ಲೇಯರೂ ಇಲ್ಲ.

ಅಕ್ಕ ಸೆರಗು ಸರಿಸಿದರು. ನಾನು ಫೋನಿಗೆ ಬಗ್ಗಿ ಹೇಳಿದೆ.

"ಹೌದು, ನೀವೇ ಒತ್ತಿದ್ದು. ನಾನು ನೋಡಿದೀನಿ."